ಎಲ್ಲರೂ ಮೇಲೆ ಬಂದ ಗಣಿ

"ತಿಕ್ಕಬೇಡ ಅಂದ್ನಲ್ಲೇ! ಕಿವಿಗೇನು ಮಣ್ಣು ತುಂಬ್ಕೊಂಡಿದೀಯಾ?"

ನಾಲ್ಕಮ್ಮನ ಕೈ ನಿಂತಿತು. ಮುಂದೆ ಅರ್ಧ ಬಕೆಟ್ ಸೀಮೆಎಣ್ಣೆ, ಪಕ್ಕದಲ್ಲಿ ಮರಳಿನ ಗುಡ್ಡೆ, ಕೈಯಲ್ಲಿ ಗೋಣಿ ಚೂರು. ಮಡಿಲಲ್ಲಿದ್ದ ಸುತ್ತಿಗೆ ಅರ್ಧ ಕೆಂಪಗೂ ಅರ್ಧ ಬೆಳ್ಳಗೂ ಕಾಣುತ್ತಿತ್ತು.

"ತೊಳಿಯೋಕೆ ಅಂತ ತಾನೇ ಸಾಹೇಬ್ರೇ ಕರೆಸಿದ್ದು?"

"ಮಣ್ಣು ತೊಳಿ ಅಂದೆ. ತುಕ್ಕು ತೆಗಿ ಅಂದ್ನಾ? ಆ ತುಕ್ಕೇ ಇತಿಹಾಸ ಕಣೇ! ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಹಾಳು ಮಾಡಿದೆಯಲ್ಲ, ದನ. ಇದಕ್ಕೆ ಮತ್ತೆ ತುಕ್ಕು ಹಿಡಿಸೋರ್ಯಾರು, ನಿಮ್ಮಪ್ಪನಾ?"

ಅವಳಪ್ಪ ಇದೇ ಗಣಿಯ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತು ಮೂವತ್ತು ವರ್ಷವಾಗಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು. ಈ ಕೆಲಸವೂ ಹೋದರೆ ಗತಿಯಿಲ್ಲ ಎಂದು ನುಂಗಿಕೊಂಡಳು. ನುಂಗುವುದು ಅವಳಿಗೇನೂ ಹೊಸದಲ್ಲ.

ಸಾಹೇಬರು ಗಣಿಯಿಂದ ಬಂದ ಯಾವ ವಸ್ತುವನ್ನೂ ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆಳ್ಳನೆಯ ಗವಸು ಹಾಕಿಕೊಂಡು, ಮುರಿದ ಚಮಚವನ್ನೂ ಹಸುಗೂಸಿನ ಹಾಗೆ ಎತ್ತುತ್ತಿದ್ದರು. ಅದಕ್ಕೇ ಅವರು ಗವಸಿನ ಸಾಹೇಬರು. ಮುಚ್ಚಿ ಹತ್ತು ವರ್ಷವಾದ ಗಣಿಗೆ ಆಳುಗಳನ್ನು ಇಳಿಸಿ, ಒಳಗೆ ಬಿದ್ದಿದ್ದನ್ನೆಲ್ಲ ಮೇಲೆ ತರಿಸಿ, ಹಳೆಯ ದೀಪದ ಕೋಣೆಯಲ್ಲಿ ಮ್ಯೂಸಿಯಂ ಮಾಡುವುದು ಅವರ ಕೆಲಸ. ಮ್ಯೂಸಿಯಂ ತೆರೆಯುವ ದಿನವೇ ಗಣಿಯ ಬಾಯಿಗೆ ಕಾಂಕ್ರೀಟು ಸುರಿದು ಮುಚ್ಚುವುದೆಂದು ತೀರ್ಮಾನವಾಗಿತ್ತು. ಯಾರಾದರೂ ಬಿದ್ದಾರು ಎಂಬ ಭಯವಂತೆ. ಜನ ಇಳಿದು ದುಡಿಯುತ್ತಿದ್ದಾಗ ಒಬ್ಬನಿಗೂ ಬಾರದಿದ್ದ ಭಯ!

ಆಳು ಮೂರನೆಯ ಚೀಲ ತಂದು ಧಡ್ಡನೆ ಹಾಕಿದ.

"ಇದು ಮೂರನೇ ಅಂತಸ್ತಿಂದು ಸಾರ್. ನಿನ್ನೆ ಗೋಡೆ ಒಡೆದ್ವಲ್ಲ, ಅದರ ಹಿಂದೆ ಸಿಕ್ತು. ಅಲ್ಲಿಂದಾಚೆ ಬರೀ ಬಂಡೆ. ಕುಸಿದು ಕೂತಿದೆ."

ನಾಲ್ಕಮ್ಮನ ಕೈ ಚೀಲದ ಒಳಗೆ ಹೋಯಿತು. ಮೊದಲು ಒಂದು ಬೂಟು ಬಂತು. ಆಮೇಲೆ ಒಂದು ಬುತ್ತಿ ಡಬ್ಬಿ. ಆಮೇಲೆ ಒಂದು ದೀಪ. ದೀಪದ ಬುಡದ ಹಿತ್ತಾಳೆ ತಗಡನ್ನು ಅವಳು ಎಂಜಲು ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದಳು. ಸಾಹೇಬರ ಇತಿಹಾಸ ಎರಡು ಸಲ ಉಜ್ಜುವಷ್ಟರಲ್ಲಿ ಅಳಿಸಿಹೋಗಿ ಕೆಳಗಿನಿಂದ ನಂಬರು ಎದ್ದಿತು. ಅರವತ್ತೇಳು.

ಡಬ್ಬಿಯನ್ನು ತಿರುಗಿಸುವ ಮೊದಲೇ ಅವಳಿಗೆ ಗೊತ್ತಾಗಿತ್ತು. ತಿರುಗಿಸಿದಳು. ತಳದಲ್ಲಿ ಮೊಳೆಯಿಂದ ಕೊರೆದ ಮೂರು ಚುಕ್ಕಿ, ಅದರ ಕೆಳಗೊಂದು ಗೆರೆ. ಕೊರೆದವಳು ಅವಳೇ.

ಈ ಜಾಗದ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಇಲ್ಲಿನ ಲೈನ್ ಮನೆಗಳಲ್ಲಿ ಗಂಡಸರಿಗೆ ಹೆಸರಿಗಿಂತ ನಂಬರೇ ಹೆಸರು. ನೂರಾನಾಲ್ಕನೇ ನಂಬರಿನವನ ಹೆಂಡತಿ ನೂರಾನಾಲ್ಕಮ್ಮ, ಕರೆದು ಕರೆದು ಸವೆದು ನಾಲ್ಕಮ್ಮ. ಗಣಿಗೆ ಇಳಿಯುವವನು ದೀಪದ ಕೋಣೆಯ ಕಿಟಕಿಯಲ್ಲಿ ತನ್ನ ಹಿತ್ತಾಳೆ ಬಿಲ್ಲೆ ಕೊಟ್ಟು ಅದೇ ನಂಬರಿನ ದೀಪ ತೆಗೆದುಕೊಳ್ಳಬೇಕು. ಬಿಲ್ಲೆ ಹಲಗೆಯ ಮೊಳೆಗೆ ಬೀಳುತ್ತದೆ. ಮೇಲೆ ಬಂದ ಮೇಲೆ ದೀಪ ಕೊಟ್ಟು ಬಿಲ್ಲೆ ಪಡೆದು ಮನೆಗೆ ಹೋಗಬೇಕು. ಮೊಳೆಯಲ್ಲಿ ಬಿಲ್ಲೆ ತೂಗುತ್ತಿದೆ ಎಂದರೆ ಆಸಾಮಿ ಒಳಗಿದ್ದಾನೆ. ಒಂದೇ ಒಂದು ಬಿಲ್ಲೆ ಉಳಿದಿದ್ದರೂ ಪಾಳಿ ಮುಗಿದ ಕೂಗು ಹಾಕುವಂತಿಲ್ಲ, ಇಳಿಸುವ ಯಂತ್ರ ನಿಲ್ಲಿಸುವಂತಿಲ್ಲ, ಗಣಿಯ ಬಾಯಿ ಮುಚ್ಚುವಂತಿಲ್ಲ. ಒಬ್ಬನ ಬಿಲ್ಲೆಗೆ ಇನ್ನೊಬ್ಬ ಕೈ ಹಾಕುವಂತೆಯೂ ಇಲ್ಲ. ಹಾಕಿದರೆ 'ಇವನು ಮೇಲೆ ಬಂದದ್ದನ್ನು ಕಣ್ಣಾರೆ ಕಂಡೆ' ಎಂದು ಆಣೆಯಿಟ್ಟ ಹಾಗೆ. ಇನ್ನು ಬುತ್ತಿ ಡಬ್ಬಿಗಳೋ, ಎಲ್ಲವೂ ಒಂದೇ ಅಂಗಡಿಯವು. ಅದಲುಬದಲಾಗದಿರಲಿ ಎಂದು ಹೆಂಗಸರು ತಳದಲ್ಲಿ ಒಬ್ಬೊಬ್ಬರು ಒಂದೊಂದು ಗುರುತು ಕೊರೆಯುತ್ತಿದ್ದರು. ಆ ಗುರುತುಗಳು ಯಾವ ಆಫೀಸಿನ ಪುಸ್ತಕದಲ್ಲೂ ಇಲ್ಲ.

ಅರವತ್ತೇಳನೇ ನಂಬರಿನವನು ಸತ್ತಿರಲಿಲ್ಲ. ಅಂಗಳದ ಆ ತುದಿಯಲ್ಲಿ ಹಳದಿ ಟೊಪ್ಪಿಗೆ ಹಾಕಿಕೊಂಡು ಆಳುಗಳಿಗೆ ದಾರಿ ಹೇಳುತ್ತ ನಿಂತಿದ್ದ. ನಾಲ್ಕಮ್ಮನ ಒಡಹುಟ್ಟಿದ ಅಣ್ಣ. ಬಿಲ್ಲೆಯನ್ನು ಸರಪಳಿಯಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ.

ಸಾಹೇಬರ ಕಣ್ಣು ದೀಪದ ಮೇಲೆ ಬಿತ್ತು. ಬೈಗುಳ ಬಾಯಲ್ಲೇ ಒಣಗಿತು.

"ಅರವತ್ತೇಳು! ಏ ಅರವತ್ತೇಳು, ಬಾರೋ ಇಲ್ಲಿ! ನಿನ್ನ ದೀಪ ಕಣೋ! ಅವತ್ತು ಗಣಿ ಕುಸಿದಾಗ ಕತ್ತಲಲ್ಲಿ ಒಬ್ಬನೇ ಹಳೇ ಏಣಿ ಹಿಡಿದು ಹತ್ತಿ ಬಂದೆಯಲ್ಲ, ಆಗ ಬಿಟ್ಟುಬಂದ ದೀಪ. ಹೌದೋ ಅಲ್ವೋ?"

ಅಣ್ಣ ದೀಪ ನೋಡಿದ. ತಂಗಿಯ ಕೈಯಲ್ಲಿದ್ದ ಡಬ್ಬಿ ನೋಡಿದ. ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಹೂಂ ಸಾರ್," ಎಂದ.

"ಅಣ್ಣಾ," ಎಂದಳು ನಾಲ್ಕಮ್ಮ. ಅವನು ಬೇರೆ ಕಡೆ ನೋಡಿದ. ಅವಳು ಸಾಹೇಬರತ್ತ ತಿರುಗಿದಳು. "ಸಾಹೇಬ್ರೇ, ಈ ಡಬ್ಬಿ ನಂದು. ತಳದಲ್ಲಿ ನನ್ನ ಗುರುತಿದೆ ನೋಡಿ. ಅವತ್ತು ಆ ದೀಪ ಹಿಡ್ಕೊಂಡು ಇಳಿದಿದ್ದು ನನ್ನ ಗಂಡ. ಇವನಲ್ಲ. ಆ ಬಂಡೆ ಹಿಂದೆ ಅವರಿದ್ದಾರೆ. ಬಾಯಿ ಮುಚ್ಚೋ ಮೊದಲು ಬಂಡೆ ಸರಿಸಿ ನೋಡ್ಬೇಕು."

ಸಾಹೇಬರು ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು.

"ಅಲಂಕಾರಕ್ಕೆ ಗೀಚಿದ ಗೆರೆ ಇದು. ನಿನ್ನ ಗಂಡ ಯಾವಳನ್ನೋ ಕಟ್ಕೊಂಡು ಓಡಿಹೋದವನಂತಲ್ಲ? ಕಂಪನಿ ಪುಸ್ತಕದಲ್ಲೇ ಇದೆ. ಓಡಿಹೋದವನನ್ನ ತಂದು ನನ್ನ ಗಣಿಯೊಳಗೆ ಹೂಳ್ಬೇಡ. ಹೋಗು, ಕೈ ತೊಳ್ಕೊ. ಇವತ್ತಿಗೆ ನಿನ್ನ ಕೆಲಸ ಸಾಕು."

ನನ್ನ ಗಣಿಯಂತೆ! ಬಂದು ನೆಟ್ಟಗೆ ನಾಲ್ಕು ತಿಂಗಳಾಗಿರಲಿಲ್ಲ.

ಗಂಡನನ್ನು ಆ ದಿನ ಕಳಿಸಿದವಳು ಅವಳೇ. ತಿಂಗಳಿಗೆ ಮೂರು ಪಾಳಿ ತಪ್ಪಿದರೆ ಕಂಪನಿ ನಂಬರು ಕಿತ್ತುಹಾಕುತ್ತಿತ್ತು. ಹಾಗಾಗಿ ಒಬ್ಬನಿಗೆ ಜ್ವರ ಬಂದರೆ ಅವನ ಬಿಲ್ಲೆ ಹಿಡಿದು ಇನ್ನೊಬ್ಬ ಇಳಿಯುತ್ತಿದ್ದ. ಅದಕ್ಕೆ ಬದಲಿ ಹೋಗುವುದು ಎನ್ನುತ್ತಿದ್ದರು. ಸಿಕ್ಕಿಬಿದ್ದರೆ ಇಬ್ಬರ ನಂಬರೂ ಹೋಗುತ್ತಿತ್ತು, ಆದರೂ ಲೈನಿನಲ್ಲಿ ಬದಲಿ ಹೋಗದ ಗಂಡಸಿರಲಿಲ್ಲ. ಆ ತಿಂಗಳು ಅಣ್ಣನ ಪಾಳಿ ತಪ್ಪುವುದು ಅದು ಮೂರನೆಯ ಸಲ. ಅವ್ವ ಬಂದು ಬಾಗಿಲಲ್ಲಿ ಅತ್ತಳು. ನಾಲ್ಕಮ್ಮನೇ ಗಂಡನಿಗೆ ಹೇಳಿದಳು, ನಿಮಗಿವತ್ತು ರಜೆ ತಾನೇ, ಅಣ್ಣನ ಬಿಲ್ಲೇಲಿ ಒಂದು ಪಾಳಿ ಇಳಿದು ಬನ್ನಿ ಅಂತ. "ನಿಮ್ಮಣ್ಣನ ಜ್ವರಕ್ಕೆ ನಾನು ಬೆವರಬೇಕಾ?" ಎಂದು ನಗುತ್ತಲೇ ಬೂಟು ಹಾಕಿಕೊಂಡ. ಅವನ ಸ್ವಂತ ಬಿಲ್ಲೆ ಮನೆಯ ಗೂಡಿನಲ್ಲಿ ಉಳಿಯಿತು.

ಬೆಳಗಿನ ಹೊತ್ತಿಗೇ ಮೂರನೇ ಅಂತಸ್ತು ಕುಸಿಯಿತು. ಉಳಿದವರೆಲ್ಲ ಮೇಲೆ ಬಂದರು. ಹಲಗೆಯಲ್ಲಿ ಒಂದು ಬಿಲ್ಲೆ ಉಳಿಯಿತು, ಅರವತ್ತೇಳು. ಸತ್ತವನ ಮನೆಗೆ ಸಮಾಧಾನ ಹೇಳಲು ಬಂದ ಮ್ಯಾನೇಜರು ಸತ್ತವನು ಕಂಬಳಿ ಹೊದ್ದು ನರಳುತ್ತಿರುವುದನ್ನು ಕಂಡ. ಆಮೇಲೆ ತಲೆ ಓಡಿತು. ಸತ್ತವರಿಲ್ಲದಿದ್ದರೆ ವಿಚಾರಣೆಯಿಲ್ಲ. ಅರವತ್ತೇಳು ಏಣಿ ಹತ್ತಿ ಬದುಕಿ ಬಂದ ವೀರ. ನೂರಾನಾಲ್ಕು? ಅವನ ಬಿಲ್ಲೆ ಮನೆಯಲ್ಲೇ ಇದೆ, ಅಂದರೆ ಗಣಿಗೆ ಇಳಿದಿಲ್ಲ. ಮನೆಯಲ್ಲೂ ಇಲ್ಲ, ಅಂದರೆ ಓಡಿಹೋಗಿದ್ದಾನೆ. ಮ್ಯಾನೇಜರು ತಾನೇ ಹಲಗೆಯಿಂದ ಬಿಲ್ಲೆ ಕಿತ್ತ. ನಾಲ್ಕು ದಿನದಲ್ಲಿ ಕುಸಿದ ಜಾಗಕ್ಕೆ ಅಡ್ಡಗೋಡೆ ಎದ್ದಿತು. ಬಾಯಿ ಬಿಟ್ಟರೆ ನಿನ್ನಣ್ಣ ಜೈಲಿಗೆ, ಅವನ ಮೂರು ಮಕ್ಕಳು ಬೀದಿಗೆ ಎಂದು ಕಂಪನಿಯವರು ನಾಲ್ಕಮ್ಮನನ್ನು ಹೆದರಿಸಿದರು. ಅವ್ವ ಮಗಳ ಕಾಲು ಹಿಡಿದಳು. ಹೆತ್ತವಳು ಕಾಲು ಹಿಡಿದರೆ ಯಾರು ತಾನೇ ಏನು ಮಾಡಬಲ್ಲರು? ನಾಲ್ಕಮ್ಮ ಬಾಯಿ ಮುಚ್ಚಿದಳು. ಒಂದೆರಡು ದಿನದ ಮಾತು ಎಂದುಕೊಂಡಿದ್ದಳು. ಇಪ್ಪತ್ತೆರಡು ವರ್ಷವಾಯಿತು.

ಅಂದು ಸಂಜೆ ಅವಳು ಅಣ್ಣನ ಮನೆಗೆ ಹೋದಳು. ಹೋಗುವುದೆಂದರೇನು, ನಡುವೆ ಇರುವುದೇ ಒಂದು ಗೋಡೆ. ಅಣ್ಣ ಕುರ್ಚಿಯಲ್ಲಿ ಕೂತು ಹೊಸ ಅಂಗಿಯ ತೋಳು ಅಳೆದು ನೋಡುತ್ತಿದ್ದ. ಮ್ಯೂಸಿಯಂ ತೆರೆಯುವ ದಿನ ಅವನಿಗೆ ಪದಕ ಹಾಕುವವರಿದ್ದರು. ಅತ್ತಿಗೆ ಅಂಗಿಗೆ ಗುಂಡಿ ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನಾಳೆ ಹೋಗಿ ಹೇಳ್ತೀಯೋ ಇಲ್ವೋ?"

"ಏನ್ ಹೇಳ್ಲಿ?"

"ಏನ್ ಹೇಳ್ಲಿ ಅಂತೆ! ನಿನ್ನ ಭಾವ ನಿನ್ನ ಬಿಲ್ಲೇಲಿ ಇಳಿದು ಸತ್ತ ಅಂತ ಹೇಳು. ನಾನು ಹಾಸಿಗೇಲಿ ಮಲಗಿದ್ದೆ ಅಂತ ಹೇಳು. ಈಗ ಯಾವ ಕಂಪನಿ ಇದೆಯೋ ನಿನ್ನ ನಂಬರು ಕೀಳೋಕೆ? ಮ್ಯಾನೇಜರು ಸತ್ತ. ಅವ್ವ ಸತ್ಲು. ಮಕ್ಕಳು ದೊಡ್ಡವರಾದ್ರು. ಇನ್ಯಾರಿಗೆ ಹೆದರ್ತೀಯ?"

"ಈಗ ಹೇಳಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ ಕಣೇ. ಸ್ಕೂಲು ಮಕ್ಕಳನ್ನ ಕರ್ಕೊಂಡು ಬಂದು ನನ್ನ ತೋರಿಸ್ತಾರೆ, ಇವರೇ ಆ ವೀರ ಅಂತ. ಇಪ್ಪತ್ತೆರಡು ವರ್ಷದಿಂದ ಏಣಿ ಹತ್ತಿದ ಕಥೆ ಹೇಳಿ ಹೇಳಿ, ಒಮ್ಮೊಮ್ಮೆ ನಂಗೇ ಹತ್ತಿದ್ದೆ ಅನ್ನಿಸ್ತದೆ. ಕೈ ನೋವು ಸಹಾ ಬರ್ತದೆ, ದೇವರಾಣೆ."

"ನಿನ್ನ ಕೈ ಸೇದಿಹೋಗ! ಹತ್ತದೇ ಇರೋ ಏಣಿಗೆ ಕೈ ನೋವಂತೆ! ನನಗೇನು ಅನ್ನಿಸ್ತದೆ ಅಂತ ಒಂದು ದಿನ ಕೇಳಿದ್ಯಾ? ನಲ್ಲಿ ಹತ್ರ ನೀರಿಗೆ ನಿಂತ್ರೆ 'ಓಡಿಹೋದವನ ಹೆಂಡ್ತಿ, ಏನು ಕಂಡು ಓಡಿದ್ನೋ' ಅಂತಾರೆ. ನಾನೇ ಕಳಿಸಿದ್ದು ಕಣೋ ಅವರನ್ನ. ನಿನಗೋಸ್ಕರ ನಾನೇ ಕಳಿಸಿದೆ. ನನ್ನ ಗಂಡನ ಮೂಳೆ ಒಂದು ಮುಷ್ಟಿ ಸಿಗಲಿ ನಂಗೆ. ಮೇಲೆ ತಂದು ಮಣ್ಣು ಮಾಡ್ತೀನಿ. ಓಡಿಹೋಗಿಲ್ಲ ಅಂತ ಊರಿಗೆ ಗೊತ್ತಾಗ್ಲಿ. ಇನ್ನೇನೂ ಬೇಡ ನಂಗೆ."

ಅತ್ತಿಗೆ ಗುಂಡಿಗಾಗಿ ಗೂಡಿನಿಂದ ಒಂದು ಹಳೆಯ ಡಬ್ಬಿ ಇಳಿಸಿದಳು. ಬುತ್ತಿ ಡಬ್ಬಿ. ತಳದಲ್ಲಿ ಅತ್ತಿಗೆಯ ಗುರುತು, ಒಂದರ ಮೇಲೊಂದು ಎಳೆದ ಎರಡು ಅಡ್ಡಗೆರೆ. ಮೂವರೂ ಅದನ್ನೇ ನೋಡಿದರು.

"ಈ ಡಬ್ಬಿ ಮನೇಲೇ ಇದೆಯಲ್ಲೋ," ಎಂದಳು ನಾಲ್ಕಮ್ಮ. "ನೀನು ಅವತ್ತು ಇಳಿದಿದ್ರೆ ಇದು ನನ್ನ ಡಬ್ಬಿ ಜಾಗದಲ್ಲಿ ಸಿಗಬೇಕಿತ್ತು. ಅತ್ತಿಗೆ, ನೀನಾದ್ರೂ ಹೇಳು."

ಅತ್ತಿಗೆ ತಲೆ ತಗ್ಗಿಸಿ ಗುಂಡಿ ಹುಡುಕತೊಡಗಿದಳು. ಡಬ್ಬಿಯಲ್ಲಿ ಎಷ್ಟು ಗುಂಡಿ ಇದ್ದವೋ, ಹುಡುಕುತ್ತಲೇ ಇದ್ದಳು. ಅಣ್ಣ ಎದ್ದು ಹಿತ್ತಲಿಗೆ ಹೋದ.

"ಸೂಳೆಮಗನೇ!" ಎಂದು ನಾಲ್ಕಮ್ಮ ಹಿಂದಿನಿಂದ ಕೂಗಿದಳು. ಅವನ ತಾಯಿಯೇ ತನ್ನ ತಾಯಿ ಎಂಬುದು ಕೂಗಿದ ಮೇಲೆ ನೆನಪಾಯಿತು. ಹಾಳಾಗಿ ಹೋಗಲಿ, ಆ ಮುದುಕಿಗೂ ಒಂದು ಪಾಲು ಸಲ್ಲಬೇಕಾದದ್ದೇ.

ಮರುದಿನ ಗಣಿ ಮುಚ್ಚುವ ಎಂಜಿನಿಯರ ತಗಡಿನ ಶೆಡ್ಡಿಗೆ ಹೋದಳು. ಬೆಳಗಿನಿಂದ ಮಧ್ಯಾಹ್ನದ ತನಕ ಬಾಗಿಲಲ್ಲಿ ನಿಂತಳು. ಒಳಗೆ ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲಿನ ಕಾಗದಗಳ ಮೇಲೆ ಗಣಿಯಿಂದ ತಂದ ಒಂದೊಂದು ಕಲ್ಲು ಇಟ್ಟಿದ್ದರು. ಕೊನೆಗೆ ಎಂಜಿನಿಯರು ತಲೆಯೆತ್ತಿದ.

"ಏನಮ್ಮ?"

ಹೇಳಿದಳು. ಅವನು ಪೂರ್ತಿ ಕೇಳಿದ. ಅದೇ ಒಂದು ಆಶ್ಚರ್ಯ.

"ನಿನ್ನ ಗಂಡ ಸತ್ತಿದಾನೆ ಅನ್ನೋದಕ್ಕೆ ಸರ್ಟಿಫಿಕೇಟ್ ಇದೆಯಾ?"

"ಇಲ್ಲ ಸಾರ್. ಕೇಳಿದ್ರೆ ಹೆಣ ಎಲ್ಲಿ ಅಂತಾರೆ."

"ಸರಿ ಮತ್ತೆ. ಹೆಣ ಎಲ್ಲಿ?"

"ಒಳಗಿದೆ ಸಾರ್. ಅದಕ್ಕೇ ಬಾಯಿ ಮುಚ್ಬೇಡಿ ಅಂತಿರೋದು. ಬಂಡೆ ಸರಿಸಿದ್ರೆ ಸಿಗ್ತದೆ."

"ಬಂಡೆ ಸರಿಸೋಕೆ ಆರ್ಡರ್ ಬೇಕು. ಒಳಗೆ ಸತ್ತಿದಾನೆ ಅಂತ ಸರ್ಟಿಫಿಕೇಟ್ ತಂದ್ರೆ ಆರ್ಡರ್ ಆಗ್ತದೆ."

"ಸರ್ಟಿಫಿಕೇಟ್ ಬೇಕಂದ್ರೆ ಹೆಣ ಬೇಕು ಸಾರ್."

"ಹೌದು."

"ಹೆಣ ಬೇಕಂದ್ರೆ ಸರ್ಟಿಫಿಕೇಟ್ ಬೇಕು."

"ಅರ್ಥ ಆಯ್ತಲ್ಲ? ಜಾಣೆ ನೀನು." ಅವನು ಪಕ್ಕದ ಗುಮಾಸ್ತನ ಕಡೆ ನೋಡಿ ಕಣ್ಣು ಮಿಟುಕಿಸಿದ. "ನನ್ನ ಕೇಳಿದ್ರೆ, ನೀನು ಅಗೀಬೇಕಾಗಿರೋದು ಗಣೀಲಲ್ಲ. ಯಾವಳೋ ಹೆಂಗಸಿನ ಮನೆ ಹಿತ್ತಲಲ್ಲಿ ಅಗಿ. ದುಂಡಗೆ ಸಿಗ್ತಾನೆ ಆಸಾಮಿ."

ಗುಮಾಸ್ತ ನಕ್ಕ. ಮೇಜಿನ ಮೇಲಿನ ಕಲ್ಲು ನಾಲ್ಕಮ್ಮನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಎತ್ತಲಿಲ್ಲ. ಎತ್ತಿದ್ದರೆ ಅವಳನ್ನು ಲಾಕಪ್ಪಿಗೆ ಹಾಕಿ ಬಾಯಿ ಮುಚ್ಚುವುದು ಅವರಿಗೆ ಇನ್ನೂ ಸಲೀಸಾಗುತ್ತಿತ್ತು. ಹೊರಗೆ ಬಂದು, ಸಿಮೆಂಟು ಚೀಲಗಳ ರಾಶಿಯ ಮುಂದೆ ನಿಂತು, "ನಿನ್ನ ಬಾಯಿಗೇ ಇದನ್ನ ಸುರಿಯ, ಬೋಳಿಮಗನೇ!" ಎಂದು ಗಟ್ಟಿಯಾಗಿ ಹೇಳಿದಳು. ಚೀಲಗಳು ಕೇಳಿಸಿಕೊಂಡವು.

ತೆರೆಯುವ ಹಿಂದಿನ ದಿನ ದೀಪದ ಕೋಣೆಯ ನೆಲ ಒರೆಸಲು ಅವಳನ್ನು ಮತ್ತೆ ಕರೆಸಿದರು. ಬೈದು ಕಳಿಸಿದವರು ಮತ್ತೆ ಕರೆಸಿದ್ದೇಕೆಂದರೆ ಆ ನೆಲವನ್ನು ಒರೆಸಲು ಬೇರೆ ಯಾರೂ ಸಿಗಲಿಲ್ಲ. ಗಾಜಿನ ಪೆಟ್ಟಿಗೆಗಳ ಒಳಗೆ ಸುತ್ತಿಗೆ, ಬೂಟು, ಗುದ್ದಲಿ. ನಡುವಿನ ದೊಡ್ಡ ಪೆಟ್ಟಿಗೆಯಲ್ಲಿ ಅರವತ್ತೇಳನೇ ದೀಪ, ಅದರ ಮುಂದೆ 'ಸಾವನ್ನು ಗೆದ್ದು ಬಂದ ಕಾರ್ಮಿಕನ ದೀಪ' ಎಂಬ ಚೀಟಿ. ಪಕ್ಕದಲ್ಲಿ ಅವಳ ಡಬ್ಬಿ. 'ಊಟದ ಡಬ್ಬಿ. ತಳದಲ್ಲಿ ಅಲಂಕಾರಿಕ ಗೆರೆಗಳು.' ತನ್ನ ಏಕೈಕ ಸಾಕ್ಷಿಯನ್ನು ತಾನೇ ತೊಳೆದುಕೊಟ್ಟಿದ್ದಳು, ಅವರು ಅದನ್ನೇ ಸುಳ್ಳಿನ ಕಿರೀಟ ಮಾಡಿ ಇಟ್ಟಿದ್ದರು. ಆ ಗಾಜನ್ನೂ ಅವಳೇ ಒರೆಸಬೇಕು. ಒರೆಸಿದಳು. ಕಣ್ಣೀರು ಬಿದ್ದಲ್ಲಿ ಇನ್ನೊಮ್ಮೆ ಒರೆಸಿದಳು.

ಎದುರು ಗೋಡೆಗೆ ಬಿಲ್ಲೆಯ ಹಲಗೆ. ಚೆಂದ ಕಾಣಲೆಂದು ಸಾಹೇಬರು ಎಲ್ಲ ಮೊಳೆಗಳಿಗೂ ಹಿತ್ತಾಳೆ ಬಣ್ಣದ ಹೊಸ ಬಿಲ್ಲೆ ತೂಗಿಸಿದ್ದರು. ಅಷ್ಟರಲ್ಲಿ ಎಂಜಿನ್ ತಾತ ಬಂದ. ಗಣಿಯ ಇಳಿಸುವ ಯಂತ್ರವನ್ನು ಮೂವತ್ತೈದು ವರ್ಷ ನಡೆಸಿದವನು, ಈಗ ಕೋಲೂರಿಕೊಂಡು ಓಡಾಡುವವನು. ಬಾಗಿಲಲ್ಲಿ ಹಲಗೆ ಕಂಡವನೇ ಅಲ್ಲೇ ನಿಂತ.

"ಅಯ್ಯೋ, ಯಾರೂ ಮೇಲೆ ಬಂದಿಲ್ವಾ? ಎಲ್ಲರೂ ಒಳಗಿದಾರಾ?"

"ಹುಚ್ಚು ಮುದುಕ," ಎಂದರು ಸಾಹೇಬರು. ಅಣ್ಣ ಹತ್ತಿರ ಹೋಗಿ, "ಸಾರ್, ಬಿಲ್ಲೆ ತೂಗಿಸಿದ್ರೆ ಆಳು ಒಳಗಿದ್ದಾನೆ ಅಂತ ಲೆಕ್ಕ. ಇದನ್ನ ನೋಡಿದ್ರೆ ಹಳಬರು ಒಳಗೇ ಬರಲ್ಲ," ಎಂದು ತಿಳಿಸಿದ. ಸಾಹೇಬರು ಗವಸಿನ ಬೆರಳು ಗಲ್ಲಕ್ಕಿಟ್ಟುಕೊಂಡು ಯೋಚಿಸಿದರು. ಮುಖ ಅರಳಿತು.

"ಹಾಗಾದ್ರೆ ಪೂರ್ತಿ ಖಾಲಿ ಮಾಡಿ! ಖಾಲಿ ಹಲಗೆ! ಮೇಲೆ ಬರೆಸಿ, 'ಎಲ್ಲರೂ ಮೇಲೆ ಬಂದ ಗಣಿ.' ಆಹಾ! ನಾಳೆ ಹಳೇ ಕೆಲಸದವರೆಲ್ಲ ಅವರವರ ನಿಜವಾದ ಬಿಲ್ಲೆ ತಂದು ಮ್ಯೂಸಿಯಂಗೆ ಒಪ್ಪಿಸಲಿ. ಗಂಡ ಸತ್ತಿದ್ರೆ ಹೆಂಡ್ತಿ ತರಲಿ. ದೊಡ್ಡವರು ಖಾಲಿ ಹಲಗೆ ನೋಡಿ, ಬಟನ್ ಒತ್ತಿ, ಕಾಂಕ್ರೀಟು ಸುರಿಸ್ತಾರೆ."

ನಾಲ್ಕಮ್ಮ ಬಟ್ಟೆ ಹಿಂಡಿದಳು. ಬಟ್ಟೆಯಲ್ಲಿ ನೀರು ಮುಗಿದರೂ ಹಿಂಡುತ್ತಲೇ ಇದ್ದಳು.

ಮರುದಿನ ಹತ್ತು ಗಂಟೆಗೆ ದೊಡ್ಡವರು ಬಂದರು. ಯಾವ ಖಾತೆಯ ದೊಡ್ಡವರೋ, ನಾಲ್ಕು ಕಾರು ಬಂದವು. ಹಳೆಯ ಕೆಲಸಗಾರರು, ಸತ್ತವರ ಹೆಂಡಿರು, ಎಲ್ಲ ಸೇರಿ ಮೂವತ್ತು ನಲವತ್ತು ಮಂದಿ, ಒಗೆದ ಬಟ್ಟೆ ಹಾಕಿಕೊಂಡು ಗೋಡೆಗೆ ಒತ್ತಿ ನಿಂತರು. ಎಲ್ಲರ ಮುಷ್ಟಿಯಲ್ಲೂ ಒಂದೊಂದು ಬಿಲ್ಲೆ. ಹೊರಗೆ, ಗಣಿಯ ಬಾಯಿಯ ಪಕ್ಕದಲ್ಲಿ, ಕಾಂಕ್ರೀಟು ಲಾರಿಯ ಡ್ರಮ್ಮು ಗರಗರ ತಿರುಗುತ್ತಿತ್ತು.

ಅಣ್ಣನಿಗೆ ಪದಕ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಹಲಗೆಯ ಕಡೆ ಕೈ ತೋರಿಸಿದರು.

"ಇಲ್ಲಿ ನೋಡಬೇಕು ಸಾರ್. ಒಂದೇ ಒಂದು ಬಿಲ್ಲೆ ಇಲ್ಲ. ಕುಸಿದ ದಿನವೂ ಒಂದೇ ಒಂದು ಜೀವ ಹೋಗಲಿಲ್ಲ. ಎಲ್ಲರೂ ಮೇಲೆ..."

ನಾಲ್ಕಮ್ಮ ಗೋಡೆಯ ಬದಿಯಿಂದ ಹೊರಟು ನೆಟ್ಟಗೆ ನಡೆದಳು. ಅವಳ ಕೈಯಲ್ಲಿ ಕಸಪೊರಕೆ ಇದ್ದುದರಿಂದ ಯಾರೂ ತಡೆಯಲಿಲ್ಲ. ಕಸಪೊರಕೆ ಹಿಡಿದವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಹಲಗೆಯ ಮುಂದೆ ಪೊರಕೆ ಕೆಳಗಿಟ್ಟು, ಸೊಂಟದ ಗಂಟು ಬಿಚ್ಚಿ, ಬಿಲ್ಲೆ ತೆಗೆದು, ನೂರಾನಾಲ್ಕನೇ ಮೊಳೆಗೆ ತೂಗಿಹಾಕಿದಳು. ಟಿಣ್ ಎಂದಿತು.

ಹೊಸಬರಿಗೆ ಏನೂ ಅರ್ಥವಾಗಲಿಲ್ಲ. ಹಳಬರಿಗೆ ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ.

"ಯಾರದು ನೂರಾನಾಲ್ಕು?" ಎಂದರು ದೊಡ್ಡವರು.

"ಯಾರೂ ಅಲ್ಲ ಸಾರ್. ಕಸ ಗುಡಿಸೋಳು, ತಲೆ ಸರಿಯಿಲ್ಲ," ಎಂದ ಸಾಹೇಬರು ಹಲ್ಲು ಕಚ್ಚಿ ತಿರುಗಿದರು. "ಅರವತ್ತೇಳು! ನಿನ್ನ ತಂಗಿ ತಾನೇ? ತೆಗಿ ಅದನ್ನ."

ಅಣ್ಣ ಹಲಗೆಯ ಹತ್ತಿರ ಹೋದ. ಎದೆಯ ಮೇಲೆ ಹೊಸ ಪದಕ, ಅದರ ಪಕ್ಕ ಹಳೆಯ ಬಿಲ್ಲೆ, ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಕೈ ಮೊಳೆಯವರೆಗೂ ಹೋಯಿತು. ಎರಡು ಬೆರಳು ನೂರಾನಾಲ್ಕನ್ನು ಹಿಡಿದವು. ನಲವತ್ತು ಜನರ ಕಣ್ಣು ಆ ಬೆರಳ ಮೇಲಿತ್ತು. ಸುಳ್ಳು ಕಥೆ ಹೇಳುವುದು ಬೇರೆ, ಹೊಟ್ಟೆಪಾಡು, ಯಾರು ಬೇಕಾದರೂ ಹೇಳಿಯಾರು. ಇದು ಬಿಲ್ಲೆ. ತೆಗೆದರೆ ಕಣ್ಣಾರೆ ಕಂಡೆ ಎಂದು ಆಣೆ.

"ತೆಗಿಯೋ!"

ಗುಂಪಿನ ಹಿಂದಿನಿಂದ ಅತ್ತಿಗೆಯ ಧ್ವನಿ ಬಂತು. "ರೀ, ಬೇಡ. ನಮ್ಮ ಡಬ್ಬಿ ಮನೇಲೇ ಇದೆ ಅಂತ ಹೇಳ್ಬಿಡ್ರಿ. ಸಾಕು ಇನ್ನು."

ಅಣ್ಣನ ಕೈ ಕೆಳಗೆ ಬಿತ್ತು.

"ನಾನು ತೆಗಿಯಲ್ಲ ಸಾರ್. ಅವನು ಮೇಲೆ ಬಂದಿಲ್ಲ. ನನ್ನ ಬದಲಿ ಇಳಿದಿದ್ದ. ನಾನು ಯಾವ ಏಣೀನೂ ಹತ್ತಿಲ್ಲ. ಜ್ವರ ಬಂದು ಮಲಗಿದ್ದೆ."

ನಾಲ್ಕಮ್ಮ ಅವನ ಮುಖ ನೋಡಿದಳು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

"ಇಷ್ಟು ಹೇಳೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತೇನೋ ನಿನಗೆ?"

ದೊಡ್ಡವರು ಗಡಿಯಾರ ನೋಡಿಕೊಂಡರು. "ಇದೇನ್ರೀ ಸಂತೆ? ನನಗೆ ಹನ್ನೊಂದಕ್ಕೆ ಇನ್ನೊಂದು ಕಾರ್ಯಕ್ರಮ ಇದೆ. ಬಟನ್ ಎಲ್ಲಿ?"

"ಒಂದೇ ನಿಮಿಷ ಸಾರ್." ಸಾಹೇಬರೇ ಮುಂದೆ ಬಂದು, ಗವಸಿನ ಕೈಯಿಂದ ನೂರಾನಾಲ್ಕನ್ನು ಕಿತ್ತು ಜೇಬಿಗೆ ಹಾಕಿಕೊಂಡರು. "ಈಗ ಖಾಲಿ. ಬನ್ನಿ ಸಾರ್."

ಅಂಥದ್ದನ್ನು ಆ ಜನ ತಮ್ಮ ಜನ್ಮದಲ್ಲಿ ಎರಡನೆಯ ಸಲ ಕಂಡರು. ಮೊದಲನೆಯ ಸಲ ಮ್ಯಾನೇಜರು ಕಿತ್ತಾಗ ಸುಮ್ಮನಿದ್ದರು. ಅಣ್ಣ ಕೊರಳ ಸರಪಳಿ ಜಗ್ಗಿದ. ಅದು ಬಿಚ್ಚಲಿಲ್ಲ. ಇನ್ನೂ ಜೋರಾಗಿ ಜಗ್ಗಿ ಹರಿದ. ಅರವತ್ತೇಳನೇ ಬಿಲ್ಲೆಯನ್ನು ಅರವತ್ತೇಳನೇ ಮೊಳೆಗೆ ಹಾಕಿದ. ಸಾಹೇಬರು ಅದಕ್ಕೆ ಕೈ ಹಾಕುವಷ್ಟರಲ್ಲಿ ಗೋಡೆಯ ಬದಿಯಿಂದ ಇನ್ನೊಬ್ಬ ಕುಂಟುತ್ತ ಬಂದು ಇಪ್ಪತ್ತೊಂದನ್ನು ಹಾಕಿದ. ಅವನ ಹಿಂದೆ ತೊಂಬತ್ತರ ವಿಧವೆ. ಆಮೇಲೆ ನೂರಾ ಮೂವತ್ತು. ಆಮೇಲೆ ಯಾರು ಯಾರೆಂದು ನೋಡುವುದಕ್ಕೂ ಆಗಲಿಲ್ಲ, ಟಿಣ್ ಟಿಣ್ ಟಿಣ್ ಎಂದು ಮೊಳೆಗಳು ತುಂಬತೊಡಗಿದವು. ಸಾಹೇಬರು ಒಂದನ್ನು ಕಿತ್ತರೆ ಎರಡು ಬೀಳುತ್ತಿದ್ದವು. ಪಾಪ, ಅವರಿಗಿದ್ದದ್ದು ಎರಡೇ ಕೈ. ಗವಸು ಕಪ್ಪಾಯಿತು.

"ಪೊಲೀಸ್! ಪೊಲೀಸರಿಗೆ ಫೋನ್ ಮಾಡ್ರೋ!" ಎಂದು ಯಾರೋ ಕೂಗಿದರು. ದೊಡ್ಡವರ ಕಾರುಗಳು ಒಂದೊಂದಾಗಿ ಹೊರಟವು.

ನಾಲ್ಕಮ್ಮ ಆ ಗದ್ದಲದಲ್ಲಿ ಗಾಜಿನ ಪೆಟ್ಟಿಗೆ ತೆರೆದಳು. ಯಾವ ಕಡೆ ತಳ್ಳಿದರೆ ಗಾಜು ಸರಿಯುತ್ತದೆಂದು ಒರೆಸಿದವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ತನ್ನ ಡಬ್ಬಿ ಎತ್ತಿಕೊಂಡು ಹೊರಗೆ ಬಂದಳು. ಗಣಿಯ ಬಾಯಿಗೆ ಅಡ್ಡ ಹಾಸಿದ್ದ ಮರದ ಹಲಗೆಗಳ ಮೇಲೆ ಹೋಗಿ ಕೂತಳು. ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅತ್ತಿಗೆ ಬಂದು ಒಂದು ಮಾರು ದೂರದಲ್ಲಿ ಕೂತಳು. ಹತ್ತಿರ ಬಾ ಎಂದು ನಾಲ್ಕಮ್ಮ ಕರೆಯಲಿಲ್ಲ, ಏಳು ಎಂದೂ ಹೇಳಲಿಲ್ಲ.

ಲಾರಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏನಮ್ಮ, ಏಳಿ ಅಲ್ಲಿಂದ! ಏನ್ ಸಾರ್, ಸುರೀಲಾ ಬೇಡ್ವಾ? ಹೊತ್ತಾದ್ರೆ ಡ್ರಮ್ಮಲ್ಲೇ ಕಲ್ಲಾಗ್ತದೆ!"

ಉತ್ತರ ಕೊಡಬೇಕಾದ ಎಂಜಿನಿಯರು ಶೆಡ್ಡಿನೊಳಗೆ ಫೋನು ಹಿಡಿದು ಯಾರಿಗೋ "ಹೌದು ಸಾರ್, ಹೌದು ಸಾರ್" ಅನ್ನುತ್ತಿದ್ದ. ಎಂಜಿನ್ ತಾತ ಕೋಲೂರಿಕೊಂಡು ಬಂದು ಲಾರಿಯ ಬಾಗಿಲು ಹಿಡಿದು ನಿಂತ.

"ಮಗಾ, ನಾನೂ ನಿನ್ನ ಹಾಗೇ ಯಂತ್ರದೋನು. ಅವತ್ತು ಹಲಗೆ ಖಾಲಿಯಾಯ್ತು, ನಿಲ್ಸು ಅಂದ್ರು. ನೋಡ್ದೆ, ಖಾಲಿ ಇತ್ತು. ನಿಲ್ಲಿಸ್ಬಿಟ್ಟೆ. ಅಲ್ಲಿಂದ ಇಲ್ಲೀವರೆಗೆ ನಿದ್ದೆ ಇಲ್ಲ ನಂಗೆ." ಅವನು ಕೋಲಿನಿಂದ ದೀಪದ ಕೋಣೆಯ ಕಿಟಕಿ ತೋರಿಸಿದ. ಒಳಗೆ ಹಲಗೆ ಹಳದಿಯಾಗಿ ತುಂಬಿಹೋಗಿತ್ತು. "ನೀನೇ ಹೋಗಿ ನೋಡ್ಕೊಂಡು ಬಾ. ಆಮೇಲೆ ಸುರಿ."

ಲಾರಿಯವನು ಕಿಟಕಿಯನ್ನು ನೋಡಿದ, ಮುದುಕನನ್ನು ನೋಡಿದ, ಬಾಯಿಯ ಮೇಲೆ ಕೂತ ಹೆಂಗಸರನ್ನು ನೋಡಿದ. ಸನ್ನೆಕೋಲಿನಿಂದ ಕೈ ತೆಗೆದು, ಇಳಿದು, ಲಾರಿಯ ನೆರಳಲ್ಲಿ ಕೂತು ಬೀಡಿ ಹಚ್ಚಿದ.

ದೂರದ ರಸ್ತೆಯಲ್ಲಿ ಪೊಲೀಸ್ ಜೀಪಿನ ಧೂಳು ಎದ್ದಿತು. ನಾಲ್ಕಮ್ಮ ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿ ಎಬ್ಬಿಸಿ ನೋಡಿದಳು. ತುಕ್ಕು ಹಿಡಿದು ಬಿಗಿದಿತ್ತು. ಅವತ್ತು ಗಂಡ ಇದನ್ನು ತೆರೆದಿದ್ದನೋ, ತಿಂದಿದ್ದನೋ, ಹಸಿದುಕೊಂಡೇ ಹೋದನೋ. ಅವಳು ಪಕ್ಕದ ಕಲ್ಲು ಎತ್ತಿಕೊಂಡು ಮುಚ್ಚಳದ ಅಂಚಿಗೆ ಕುಟ್ಟತೊಡಗಿದಳು.